ವರ್ಡ್‌ನಲ್ಲಿ ಆಲ್ಫಾ, ಡೆಲ್ಟಾ ಬೇಗ ಟೈಪ್ ಮಾಡೋದು ಹೇಗೆ?

ಪ್ರಶ್ನೆ: ಗಣಿತದ ನೋಟ್ಸ್ ಟೈಪ್ ಮಾಡುತ್ತಿದ್ದೇನೆ. ಪ್ರತಿ ಸಲ ಸಿಂಬಲ್ ಪಟ್ಟಿ ತೆರೆದು ಹುಡುಕೋದ್ರಲ್ಲೇ ಅರ್ಧ ಹೊತ್ತು ಹೋಗುತ್ತಿದೆ. ಕೀಬೋರ್ಡ್‌ನಿಂದಲೇ ಆಗುತ್ತಾ?

ಉತ್ತರ 1: ಖಂಡಿತ ಆಗುತ್ತದೆ. ಆಲ್ಟ್ ಜೊತೆ = ಒತ್ತಿ, ಸಮೀಕರಣದ ಬಾಕ್ಸ್ ಬರುತ್ತದೆ. ಅದರಲ್ಲಿ ಬ್ಯಾಕ್‌ಸ್ಲ್ಯಾಶ್ ಹಾಕಿ, ಇಂಗ್ಲಿಷ್‌ನಲ್ಲಿ ಆಲ್ಫಾ ಎಂದು ಬರೆದು ಸ್ಪೇಸ್ ಕೊಟ್ಟರೆ ಆ ಗ್ರೀಕ್ ಅಕ್ಷರವೇ ಬರುತ್ತದೆ. ಡೆಲ್ಟಾದ ಮೊದಲ ಅಕ್ಷರ ಕ್ಯಾಪಿಟಲ್ ಇದ್ದರೆ ದೊಡ್ಡ ಡೆಲ್ಟಾ, ಇಲ್ಲದಿದ್ದರೆ ಚಿಕ್ಕದು. ಎರಡು ದಿನ ಬಳಸಿ, ಕೈಗೆ ಕೂತುಬಿಡುತ್ತದೆ.

ಉತ್ತರ 2: ಒಂದೆರಡು ಚಿಹ್ನೆಗೆ ಸುಮ್ನೆ ಬಾಕ್ಸ್ ಯಾಕೆ? 2264 ಬರೆದು ಆಲ್ಟ್ ಮತ್ತು ಎಕ್ಸ್ ಒತ್ತಿ, ≤ ಬರುತ್ತದೆ. 2211 ಬರೆದರೆ ∑.

ಪ್ರಶ್ನೆ ಕೇಳಿದವರು: ಬಂತು! ಆದರೆ 5ರ ಪಕ್ಕದಲ್ಲೇ ಬರೆದರೆ ಬೇರೇನೋ ಬರುತ್ತಿದೆ.

ಉತ್ತರ 2: ಆ 5 ಕೂಡ ಕೋಡ್‌ಗೆ ಸೇರಿಹೋಗುತ್ತದೆ, ಅದಕ್ಕೇ. 2264 ಮಾತ್ರ ಸೆಲೆಕ್ಟ್ ಮಾಡಿ ಒತ್ತಿ.

ಉತ್ತರ 3: ಮ್ಯಾಕ್ ಆದರೆ ಆಪ್ಷನ್ ಜೊತೆ ಪಿ ಒತ್ತಿ, ಪೈ ಬರುತ್ತದೆ.