ನೇರ ಓಟದಲ್ಲಿ ಎಂಜಿನ್ ಕಿರುಚುತ್ತದೆ, ದೋಣಿ ಮುಂದೆ ಹೋಗುವುದಿಲ್ಲ (15 ಎಚ್‌ಪಿ, ಪ್ಲೈವುಡ್ ದೋಣಿ)

ಹಾವನೂರು ದಂಡೆ:
ಎಲ್ಲರಿಗೂ ನಮಸ್ಕಾರ. ನಾನೇ ಕಟ್ಟಿದ ಹನ್ನೊಂದು ಅಡಿಯ ಪ್ಲೈವುಡ್ ದೋಣಿಗೆ 15 ಎಚ್‌ಪಿಯ ಎರಡು ಸ್ಟ್ರೋಕ್ ಔಟ್‌ಬೋರ್ಡ್ (ದೋಣಿಯ ಹಿಂಬದಿಗೆ ಹೊರಗಡೆ ತಗುಲಿಸುವ ಎಂಜಿನ್) ಕೂರಿಸಿದ್ದೇನೆ. ಹಮ್ಮಿಗಿ ಬ್ಯಾರೇಜಿನ ಹಿನ್ನೀರಿನಲ್ಲಿ ಮೊದಲು ಚೆನ್ನಾಗಿ ಓಡುತ್ತಿದ್ದ ದೋಣಿ ಈಗ ನನ್ನನ್ನು ಹೈರಾಣ ಮಾಡಿದೆ. ನಿಧಾನವಾಗಿ ಹೋಗುವಾಗ ಯಾವ ತಕರಾರೂ ಇಲ್ಲ. ದೋಣಿ ಮೇಲೆದ್ದು ನೀರಿನ ಮೇಲೆ ಜಾರತೊಡಗಿದ ಕೂಡಲೇ ಎಂಜಿನ್ ಕಿರುಚಿಕೊಳ್ಳುತ್ತದೆ, ವೇಗ ಮಾತ್ರ ಏರುವುದಿಲ್ಲ. ಕಾರ್ಬುರೇಟರ್ ತೊಳೆದೆ, ಪ್ಲಗ್ ಬದಲಿಸಿದೆ, ಪೆಟ್ರೋಲಿಗೆ ಎಣ್ಣೆಯನ್ನು 50ಕ್ಕೆ 1ರಂತೆಯೇ ಬೆರೆಸಿದ್ದೇನೆ. ಗೆಳೆಯರೊಡನೆ ಪಂದ್ಯ ಕಟ್ಟಿಕೊಂಡಿರುವುದರಿಂದ ದಯವಿಟ್ಟು ಬೇಗ ಹೇಳಿ.

ಮುಂಡರಗಿ ಮಿಸ್ತ್ರಿ:
ಸರ್, ಇದರಲ್ಲಿ ಯೋಚಿಸುವುದೇನೂ ಇಲ್ಲ. ಫ್ಯಾನಿನ (ನೀರನ್ನು ತಳ್ಳುವ ಪ್ರೊಪೆಲ್ಲರಿನ) ನಡುವೆ ಇರುವ ರಬ್ಬರ್ ಬುಷ್ ಜಾರುತ್ತಿದೆ. ಕಲ್ಲಿಗೋ ಬೊಡ್ಡೆಗೋ ಫ್ಯಾನು ತಾಗಿದರೆ ಗೇರು ಮುರಿಯಬಾರದೆಂದು ಆ ಬುಷ್ ಇಟ್ಟಿರುತ್ತಾರೆ. ಅದು ಹಳತಾದ ಮೇಲೆ ಕಡಿಮೆ ಜೋರಿನಲ್ಲಿ ಹಿಡಿದುಕೊಳ್ಳುತ್ತದೆ, ಪೂರ್ತಿ ಎಕ್ಸಲರೇಟರ್ ಕೊಟ್ಟಾಗ ಒಳಗೊಳಗೇ ತಿರುಗುತ್ತದೆ. ಬುಷ್ ಬದಲಿಸಿ, ಪಂದ್ಯಕ್ಕೆ ಹೋಗಿ.

ಕೆಲಗೇರಿ ಬಡಿಗೇರ:
ಬುಷ್ ಜಾರುತ್ತಿದೆಯೋ ಇಲ್ಲವೋ ಎಂಬುದನ್ನು ದುಡ್ಡು ಹಾಕುವ ಮೊದಲೇ ನೋಡಬಹುದು. ಫ್ಯಾನು ಬಿಚ್ಚಿ, ಒಳಗಿನ ಹಿತ್ತಾಳೆಯ ಕೊಳವೆಯಿಂದ ರಬ್ಬರಿನ ಮೇಲೆ ಹಾಯ್ದು ಹೊರಗಿನ ಲೋಹದವರೆಗೆ ಒಂದೇ ನೇರ ಗೆರೆ ಎಳೆಯಿರಿ. ಪೂರ್ತಿ ವೇಗದಲ್ಲಿ ಓಡಿಸಿ ಬಂದು ಮತ್ತೆ ಬಿಚ್ಚಿದಾಗ ಗೆರೆ ತುಂಡಾಗಿ ಪಕ್ಕಕ್ಕೆ ಸರಿದಿದ್ದರೆ ಮಿಸ್ತ್ರಿಯವರ ಮಾತು ನಿಜ. ಜೊತೆಗೆ, ಟ್ರಾನ್ಸಮ್ (ಎಂಜಿನ್ ಕೂರುವ ಹಿಂಬದಿಯ ಹಲಗೆ) ಎತ್ತರ ಎಷ್ಟು, ಕ್ಯಾವಿಟೇಶನ್ ಪ್ಲೇಟ್ (ಫ್ಯಾನಿನ ಮೇಲಿರುವ ಚಪ್ಪಟೆ ತಗಡು) ದೋಣಿಯ ತಳಕ್ಕಿಂತ ಮೇಲಿದೆಯೋ ಕೆಳಗಿದೆಯೋ, ಇದನ್ನು ತಾವು ಬರೆದೇ ಇಲ್ಲ. ಪ್ಲೈ ಯಾವುದು?

ಹಾವನೂರು ದಂಡೆ:
ಟ್ರಾನ್ಸಮ್ ಎಲ್ಲರಂತೆ 15 ಇಂಚು, ಶಾರ್ಟ್ ಶಾಫ್ಟ್. ಪ್ಲೇಟ್ ತಳಕ್ಕಿಂತ ಸುಮಾರು ಒಂದು ಇಂಚು ಕೆಳಗಿದೆ. ಪ್ಲೈ 6 ಎಂಎಂ, ಬಿಡಬ್ಲ್ಯೂಆರ್ (ಕುದಿನೀರು ತಾಳುವ ದರ್ಜೆ), ಹೊರಗಡೆ ಎಪಾಕ್ಸಿ. ಗೆರೆ ಎಳೆದು ನೋಡುತ್ತೇನೆ.

ಗದಗ ಗರಗಸ:
ಬಿಡಬ್ಲ್ಯೂಆರ್ ಪ್ಲೈನಲ್ಲಿ ರೇಸಿನ ದೋಣಿಯೇ? ಐಎಸ್ 710 ಮರೈನ್ ಪ್ಲೈ 72 ಗಂಟೆ ಕುದಿಸಿದರೂ ಪದರ ಬಿಡಬಾರದೆಂಬ ಪರೀಕ್ಷೆಯಲ್ಲಿ ಪಾಸಾಗಿರುತ್ತದೆ. ತಾವು ತಂದದ್ದಕ್ಕೆ ಪರೀಕ್ಷೆ ಎಂಟೇ ಗಂಟೆಯದು. ತಳ ಉಬ್ಬಿದ್ದರೆ ದೋಣಿ ಓಡುವುದಾದರೂ ಹೇಗೆ? ನನ್ನ ದೋಣಿ ಪೂರ್ತಿ ಮರೈನ್ ಪ್ಲೈ, ಒಳಗಿನ ಪಕ್ಕೆಗಳು ದಾಂಡೇಲಿ ಕಡೆಯ ಸಾಗವಾನಿ.

ಕೆಲಗೇರಿ ಬಡಿಗೇರ:
ಸಾಗವಾನಿಯ ಭಾರ ಹೊತ್ತು ಯಾವ ಪಂದ್ಯ ಗೆಲ್ಲುತ್ತೀರಿ ಎಂಬುದನ್ನು ಬೇರೆ ಕಡೆ ಚರ್ಚಿಸೋಣ. ತಳ ಹಿಂಬದಿಯಲ್ಲಿ ಹೊರಗೆ ಉಬ್ಬಿದ್ದರೆ ದೋಣಿ ಮೂತಿ ಎತ್ತಿ ಕುಣಿಯುತ್ತದೆ, ಒಳಗೆ ತಗ್ಗಿದ್ದರೆ ಮೂತಿಯನ್ನು ನೀರಿಗೆ ಒತ್ತುತ್ತದೆ. ಇವರು ಎರಡನ್ನೂ ಹೇಳಿಲ್ಲ.

ಉಣಕಲ್ ಲೆಕ್ಕಿಗ:
ಪ್ಲಗ್ಗಿನ ವಯರಿಗೆ ಸುತ್ತುವ ಅಗ್ಗದ ಆರ್‌ಪಿಎಂ ಮೀಟರ್ ಸಿಗುತ್ತದೆ. ಸುತ್ತು ಎಷ್ಟು, ಮೊಬೈಲಿನ ಜಿಪಿಎಸ್ ತೋರಿಸುವ ವೇಗ ಎಷ್ಟು, ಫ್ಯಾನಿನ ಪಿಚ್ (ಒಂದು ಸುತ್ತಿಗೆ ಅದು ಮುಂದೆ ಸಾಗಬೇಕಾದ ದೂರ) ಎಷ್ಟು ಎಂಬುದನ್ನು ತಿಳಿಸಿದರೆ ಊಹೆ ಬಿಟ್ಟು ಲೆಕ್ಕ ಮಾಡಬಹುದು.

ಹಾವನೂರು ದಂಡೆ:
ಗೆರೆ ಕೂದಲೆಳೆಯಷ್ಟೂ ಸರಿದಿಲ್ಲ. ಸುತ್ತು 5,500, ವೇಗ ಗಂಟೆಗೆ 23 ಕಿ.ಮೀ., ಪಿಚ್ 10 ಇಂಚು, ಗೇರ್ ಅನುಪಾತ ಪುಸ್ತಕದಲ್ಲಿ 2.08 ಎಂದಿದೆ. ಇನ್ನೊಂದು ವಿಚಿತ್ರವೆಂದರೆ, ದೋಣಿಯನ್ನು ಜೋರಾಗಿ ಹೊರಳಿಸಿದಾಗ ಎಂಜಿನ್ನಿನ ಕಿರುಚಾಟ ನಿಂತು ಫ್ಯಾನು ನೀರನ್ನು ಕಚ್ಚಿ ಹಿಡಿಯುತ್ತದೆ. ನೇರಕ್ಕೆ ಬಂದ ಕೂಡಲೇ ಮತ್ತೆ ಅದೇ ಕಥೆ.

ಮುಂಡರಗಿ ಮಿಸ್ತ್ರಿ:
ಗೆರೆಯನ್ನು ಮಾರ್ಕರ್ ಪೆನ್ನಿನಲ್ಲಿ ಎಳೆದಿದ್ದರೆ ನಾನು ನಂಬುವುದಿಲ್ಲ, ಗ್ರೀಸು ಅದನ್ನು ಒರೆಸಿರುತ್ತದೆ. ಚಾಣದಿಂದ ಗುರುತು ಹೊಡೆದು ನೋಡಿ.

ಉಣಕಲ್ ಲೆಕ್ಕಿಗ:
ಒರೆಸಿದ್ದರೆ ಗೆರೆಯೇ ಕಾಣುತ್ತಿರಲಿಲ್ಲ, ಮಿಸ್ತ್ರಿಗಳೇ. 5,500ನ್ನು 2.08ರಿಂದ ಭಾಗಿಸಿದರೆ ಫ್ಯಾನು ನಿಮಿಷಕ್ಕೆ ಸುಮಾರು 2,640 ಸುತ್ತು ತಿರುಗುತ್ತದೆ. ಒಂದು ಸುತ್ತಿಗೆ 10 ಇಂಚಿನಂತೆ, ಸ್ವಲ್ಪವೂ ಜಾರದಿದ್ದರೆ ಗಂಟೆಗೆ 40 ಕಿ.ಮೀ. ಆಗಬೇಕು. 23 ಎಂದರೆ ಶೇ. 43ರಷ್ಟು ಸ್ಲಿಪ್, ಅಂದರೆ ನೀರಿನಲ್ಲಿ ಫ್ಯಾನಿನ ಜಾರಾಟ. ಹಗುರ ದೋಣಿಗೆ ಶೇ. 10ರಿಂದ 20 ಇರುವುದು ಸಹಜ. ಫ್ಯಾನು ಗಾಳಿ ಬೆರೆತ ನೀರಿನಲ್ಲಿ ತಿರುಗುತ್ತಿದೆ.

ಕೆಲಗೇರಿ ಬಡಿಗೇರ:
ಹೊರಳುವಾಗ ಸರಿಹೋಗುತ್ತದೆ ಎಂಬುದೇ ಇಲ್ಲಿಯ ಮುಖ್ಯ ಸಂಗತಿ, ಅದನ್ನು ಮೊದಲ ಸಾಲಿನಲ್ಲೇ ಬರೆಯಬೇಕಿತ್ತು. ಎಂಜಿನ್ ತೀರ ಮೇಲೆ ಕೂತಿದ್ದರೆ ಹೊರಳುವಾಗಲೇ ಗಾಳಿ ಎಳೆದುಕೊಂಡು ಕಿರುಚುತ್ತದೆ; ತಮ್ಮದು ಅದಕ್ಕೆ ತದ್ವಿರುದ್ಧ. ಅಂದರೆ ಫ್ಯಾನಿನ ನೇರ ಮುಂದೆ, ತಳದ ನಡುಗೆರೆಯ ಮೇಲೆ, ಏನೋ ನೀರನ್ನು ಸೀಳುತ್ತಿದೆ. ಹೊರಳಿದಾಗ ಆ ಸೀಳು ಫ್ಯಾನನ್ನು ತಪ್ಪಿಸಿ ಪಕ್ಕಕ್ಕೆ ಹೋಗುತ್ತದೆ. ತಳದಲ್ಲಿ ಏನಿದೆ?

ಹಾವನೂರು ದಂಡೆ:
ಏನೂ ಇಲ್ಲ, ಎಲ್ಲ ದೋಣಿಗೂ ಇರುವ ಅಡಿಪಟ್ಟಿ ಅಷ್ಟೇ. ತಿರುವಿನಲ್ಲಿ ದೋಣಿ ಪಕ್ಕಕ್ಕೆ ಜಾರುತ್ತಿದ್ದುದರಿಂದ ಒಂದೂವರೆ ಇಂಚು ದಪ್ಪದ ಮತ್ತಿ ಮರದ ಪಟ್ಟಿಯನ್ನು ಮೂತಿಯಿಂದ ಟ್ರಾನ್ಸಮ್‌ವರೆಗೆ ಈಚೆಗೆ ಅಂಟಿಸಿದ್ದೇನೆ. ನಮ್ಮ ಕಡೆಯ ಮೀನುಗಾರರ ದೋಣಿಗಳಿಗೂ ಪಟ್ಟಿ ಹಿಂದಿನವರೆಗೆ ಇದೆ, ಅವರಿಗೆ ಈ ತೊಂದರೆ ಇಲ್ಲ.

ಕೆಲಗೇರಿ ಬಡಿಗೇರ:
ಅವರದು ಹುಟ್ಟು ಹಾಕುವ ದೋಣಿ. ಆ ವೇಗದಲ್ಲಿ ಪಟ್ಟಿಯ ಹಿಂದೆ ನೀರು ಕೂಡಿಕೊಳ್ಳಲು ಸಮಯವಿರುತ್ತದೆ. ದೋಣಿ ನೀರಿನ ಮೇಲೆ ಜಾರತೊಡಗಿದಾಗ, ಚೌಕಾಗಿ ಕತ್ತರಿಸಿದ ಪಟ್ಟಿಯ ತುದಿಯ ಹಿಂದೆ ಒಂದು ಪೊಳ್ಳು ಉಂಟಾಗಿ, ಟ್ರಾನ್ಸಮ್ಮಿನ ಹಿಂದಿನ ಗಾಳಿ ಅದರೊಳಗೆ ನುಗ್ಗಿ, ನೇರವಾಗಿ ಫ್ಯಾನಿಗೆ ಹೋಗುತ್ತದೆ. ಪಟ್ಟಿಯನ್ನು ಟ್ರಾನ್ಸಮ್ಮಿಗಿಂತ ಎರಡು ಅಡಿ ಮೊದಲೇ ನಿಲ್ಲಿಸಿ, ಅದಕ್ಕೂ ಮುಂಚಿನ, ಮೂತಿಯ ಕಡೆಯ ಒಂದು ಅಡಿಯಲ್ಲಿ ಎತ್ತರವನ್ನೂ ಅಗಲವನ್ನೂ ಉಜ್ಜುಗೊರಡಿನಿಂದ ಕ್ರಮೇಣ ತೆಗೆದು, ತುದಿ ತಳದಲ್ಲೇ ಕರಗಿಹೋಗುವಂತೆ ಮಾಡಿ. ಗರಗಸ ಪ್ಲೈಗೆ ತಾಗದಿರಲಿ; ತೆರೆದುಕೊಂಡ ಮರಕ್ಕೆ ಎಪಾಕ್ಸಿ ಹಚ್ಚದೆ ನೀರಿಗಿಳಿಸಬೇಡಿ.

ಗದಗ ಗರಗಸ:
ಮರೈನ್ ಪ್ಲೈ ಆಗಿದ್ದರೆ ಗರಗಸದ ಭಯವಿರುತ್ತಿರಲಿಲ್ಲ.

ಹಾವನೂರು ದಂಡೆ:
ಪಟ್ಟಿ ಕತ್ತರಿಸಿ, ಎಪಾಕ್ಸಿ ಒಣಗಿಸಿ ಓಡಿಸಿದೆ. ಸುತ್ತು 5,300, ವೇಗ 34. ಆದರೆ ದೋಣಿ ತಿರುವಿನಲ್ಲಿ ಮತ್ತೆ ಮೊದಲಿನಂತೆ ಪಕ್ಕಕ್ಕೆ ಜಾರುತ್ತಿದೆ. ಪಂದ್ಯದ ಬೋಯಾ (ತಿರುವು ಗುರುತಿಸುವ ತೇಲುಬುರುಡೆ) ಸುತ್ತುವುದು ಹೇಗೆ?

ಉಣಕಲ್ ಲೆಕ್ಕಿಗ:
ಈಗ ಸ್ಲಿಪ್ ಶೇ. 12. ಇನ್ನು ಎಂಜಿನ್ನಿಗೆ ಕೈ ಹಚ್ಚಬೇಡಿ.

ಕೆಲಗೇರಿ ಬಡಿಗೇರ:
ಜಾರುವುದನ್ನು ತಡೆಯಲು ಉದ್ದ ಪಟ್ಟಿ ಬೇಕಿಲ್ಲ, ನೀರಿಗೆ ಇಳಿಯುವ ಅಲ್ಯೂಮಿನಿಯಮ್ಮಿನ ಒಂದು ಸಣ್ಣ ರೆಕ್ಕೆ ಸಾಕು. ಅಮೆರಿಕದ ಔಟ್‌ಬೋರ್ಡ್ ಪಂದ್ಯಗಳಲ್ಲಿ ಎಡಕ್ಕೇ ಸುತ್ತುವುದರಿಂದ ಅಲ್ಲಿಯವರು ರೆಕ್ಕೆಯನ್ನು ಎಡಬದಿಗೆ ಹಾಕುತ್ತಾರೆ. ತಮ್ಮ ಪಂದ್ಯದ ಸುತ್ತು ಯಾವ ಕಡೆಗೆ ಎಂಬುದನ್ನು ಗೆಳೆಯರನ್ನು ಕೇಳಿ ತಿಳಿಸಿ, ನಂತರ ಅಳತೆ ಹೇಳುತ್ತೇನೆ. ಎಂಜಿನ್ ನಿಲ್ಲಿಸುವ ಹಗ್ಗವನ್ನು ಕೈಗೆ ಕಟ್ಟಿಕೊಳ್ಳದೆ ತಿರುವಿನ ಅಭ್ಯಾಸ ಮಾಡಬೇಡಿ.

ಮುಂಡರಗಿ ಮಿಸ್ತ್ರಿ:
ಏನೇ ಆಗಲಿ, ಆ ಬುಷ್ ಹಳೆಯದು, ಒಮ್ಮೆ ಬದಲಿಸಿಬಿಡಿ.