ಸಹಾಯ ಬೇಕು: ಮೂರ್ಛೆರೋಗವೋ, ಫಂಕ್ಷನಲ್ ಅಟ್ಯಾಕೋ (ಮಿದುಳಿನ ವಿದ್ಯುತ್ ಏರುಪೇರಿಲ್ಲದೆ ಬರೋದು), ಎರಡೂನೋ?

24 ವರ್ಷದ ಹುಡುಗಿ. ಮೂರ್ಛೆರೋಗದ ಔಷಧಿ ಲೆವೆಟಿರಾಸಿಟಾಮ್ 500 ಮಿ.ಗ್ರಾಂ ದಿನಕ್ಕೆ ಎರಡು ಸಲ ನಡೀತಿದೆ, ಆದ್ರೂ ಅಟ್ಯಾಕ್ ನಿಂತಿಲ್ಲ. ಮನೆಯವರು ಮೊಬೈಲಲ್ಲಿ ತೆಗೆದ ವಿಡಿಯೊಗಳಲ್ಲಿ ಹಗಲಿಂದು ಹತ್ತು ನಿಮಿಷ ದಾಟುತ್ತೆ. ಕಣ್ಣು ಮುಚ್ಚಿರುತ್ತೆ, ರೆಪ್ಪೆ ಬಿಡಿಸೋಕೆ ಹೋದ್ರೆ ಇನ್ನೂ ಬಿಗಿಯಾಗುತ್ತೆ, ತಲೆ ಆ ಕಡೆ ಈ ಕಡೆ ಆಡುತ್ತೆ, ನಡುವೆ ನಿಂತು ಮತ್ತೆ ಶುರು. ಇದನ್ನ ಫಂಕ್ಷನಲ್ ಅನ್ನಬಹುದು (ನಾಟಕ ಅಂತ ಮಾತ್ರ ಯಾರೂ ಬರೀಬೇಡಿ, ಅದು ಅವಳ ಹಿಡಿತದಲ್ಲಿಲ್ಲ).

ತೊಡಕಿರೋದು ರಾತ್ರಿ ಬರೋದ್ರಲ್ಲಿ. ನಿದ್ದೆಯಲ್ಲೇ ಶುರುವಾಗಿ ಒಂದೂವರೆ ನಿಮಿಷ ಇರುತ್ತೆ, ಕಣ್ಣು ತೆರೆದೇ ಇರುತ್ತೆ, ನಾಲಿಗೆಯ ಪಕ್ಕಕ್ಕೆ ಕಚ್ಚಿದ ಗಾಯ, ಆಮೇಲೆ ಗೊರಕೆಯಂಥ ಉಸಿರು, ಅರ್ಧ ಗಂಟೆ ಮಂಕು. ಇದು ಮೂರ್ಛೆರೋಗದ ಥರಾನೇ ಕಾಣುತ್ತೆ.

ಎಂಆರ್‌ಐ, ಇಇಜಿ (ಮಿದುಳಿನ ವಿದ್ಯುತ್ ಅಲೆಗಳ ದಾಖಲೆ) ಎರಡೂ ನಾರ್ಮಲ್. ಆದ್ರೆ ಅಟ್ಯಾಕ್ ಇಲ್ಲದಾಗ ತೆಗೆದ ಅರ್ಧ ಗಂಟೆಯ ಇಇಜಿ ನಂಬಿ ಮೂರ್ಛೆರೋಗ ಇಲ್ಲ ಅನ್ನೋಕಾಗಲ್ಲ. ಮೂರ್ಛೆ ಅಟ್ಯಾಕ್ ಆದ್ಮೇಲೆ ರಕ್ತದಲ್ಲಿ ಏರೋ ಪ್ರೊಲ್ಯಾಕ್ಟಿನ್ ಹಾರ್ಮೋನ್ ನೋಡೋಣ ಅಂದ್ರೆ 10-20 ನಿಮಿಷದಲ್ಲಿ ರಕ್ತ ತೆಗೀಬೇಕು, ಹಳ್ಳಿಯಿಂದ ಬರೋಷ್ಟರಲ್ಲಿ ಅದು ಇಳಿದುಹೋಗಿರುತ್ತೆ. ಡೋಸ್ ಏರಿಸಿದ್ರೆ ಸಿಡುಕು, ಖಿನ್ನತೆ ಹೆಚ್ಚಬಹುದು. ನಿಲ್ಲಿಸಿದ್ರೆ ರಾತ್ರಿಯದು ಕೆರಳಬಹುದು.

ಎರಡೂ ಒಟ್ಟಿಗಿರೋ ಕೇಸ್ ನೋಡಿದವರು ಹೇಳಿ: ಈಗಿನ ಡೋಸ್ ಹಾಗೇ ಇಟ್ಟು ನೇರ ನಿಮ್ಹಾನ್ಸ್‌ಗೆ ವಿಡಿಯೊ ಇಇಜಿಗೆ (ಅಟ್ಯಾಕ್ ಬರೋವಾಗಲೇ ವಿಡಿಯೊ, ಇಇಜಿ ಒಟ್ಟಿಗೆ ದಾಖಲಿಸೋದು) ಕಳಿಸಬೇಕೋ, ಇಲ್ಲಾ ಮೊದಲು ನಿದ್ದೆಗೆಡಿಸಿ ತೆಗೆಯೋ ಇಇಜಿ ಇಲ್ಲೇ ಮಾಡಿಸಿ ನೋಡಬೇಕೋ?