ನನ್ನ ಹೆಸರಲ್ಲಿ ಎರಡು ಪಿಪಿಎಫ್ ಖಾತೆ ಇದೆಯಂತೆ, ಈಗ ಏನು ಮಾಡಲಿ?

ತಿಪಟೂರಿನಿಂದ, ಪ್ರಶ್ನೆ ಕೇಳಿದವರು:

ಮನೆಗೆ ಸುಣ್ಣಬಣ್ಣ ಮಾಡಿಸುವಾಗ ಅಪ್ಪನ ಬೀರುವಿನಲ್ಲಿ ಒಂದು ಪೋಸ್ಟಾಫೀಸ್ ಪಾಸ್‌ಬುಕ್ ಸಿಕ್ಕಿತು. ನೋಡಿದರೆ ನನ್ನದೇ ಹೆಸರು! 2012ರಲ್ಲಿ, ನನಗೆ ಹದಿನಾರು ವರ್ಷ ಇದ್ದಾಗ ಅಪ್ಪ ತೆರೆದ ಪಿಪಿಎಫ್, ಅಂದರೆ ಸರ್ಕಾರದ ದೀರ್ಘಾವಧಿ ಉಳಿತಾಯ ಖಾತೆ. ವರ್ಷಕ್ಕೆ 60 ಸಾವಿರ ಇವತ್ತಿಗೂ ಕಟ್ಟುತ್ತಾ ಬಂದಿದ್ದಾರೆ. "ಮೊದ್ಲೇ ಹೇಳಿದ್ರೆ ಬೈಕ್ ತಗೋತಿದ್ದೆ ಕಣೋ ನೀನು" ಅಂತಾರೆ. ಇತ್ತ ನಾನು 2018ರಲ್ಲಿ ಕೆಲಸಕ್ಕೆ ಸೇರಿದ ಮೇಲೆ ಟ್ಯಾಕ್ಸ್ ಉಳಿಸಲು ಬ್ಯಾಂಕಿನಲ್ಲಿ ಇನ್ನೊಂದು ಪಿಪಿಎಫ್ ತೆರೆದೆ. ಅದಕ್ಕೆ ವರ್ಷಕ್ಕೆ ಒಂದು ಲಕ್ಷ ಹಾಕುತ್ತಿದ್ದೇನೆ. ಒಬ್ಬರಿಗೆ ಒಂದೇ ಖಾತೆ ಅನ್ನುವ ನಿಯಮ ಈಗ ಗೊತ್ತಾಯಿತು. ದಂಡ ಬೀಳುತ್ತಾ? ಸುಮ್ನೆ ಒಂದನ್ನು ಮುಚ್ಚಿಬಿಡಲಾ? ಯಾರಿಗಾದರೂ ಹೀಗಾಗಿದ್ದರೆ ಹೇಳಿ.

ಶಿವಮೊಗ್ಗದಿಂದ:

ನನಗೆ ಆಗಿದೆ. ಮೊದಲು ಒಂದು ಮಾತು: ಯಾವುದನ್ನೂ ಮುಚ್ಚಲು ಹೋಗಬೇಡಿ. ನನ್ನದು 2011ರ ಪೋಸ್ಟಾಫೀಸ್ ಖಾತೆ. 2015ರಲ್ಲಿ ಸಂಬಳದ ಖಾತೆ ಮಾಡಿಸುವಾಗ ಬ್ಯಾಂಕಿನವರು ಕೊಟ್ಟ ಫಾರಂಗಳಿಗೆಲ್ಲ ಸಹಿ ಹಾಕಿದ್ದೆ. ಅದರಲ್ಲಿ ಪಿಪಿಎಫ್ ಫಾರಂ ಕೂಡ ಒಂದು. "ಬೇರೆ ಕಡೆ ಖಾತೆ ಇಲ್ಲ" ಎಂಬ ಘೋಷಣೆ ಅದರಲ್ಲೇ ಇತ್ತು, ಓದಿದ್ದರೆ ತಾನೇ!

2024ರ ಅಕ್ಟೋಬರ್ 1ರಿಂದ ಹಣಕಾಸು ಸಚಿವಾಲಯದ ಹೊಸ ಮಾರ್ಗಸೂಚಿ ಜಾರಿಗೆ ಬಂತು. ಅದರ ಪ್ರಕಾರ ಎರಡರಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕು ಅನ್ನುವುದು ನಮ್ಮ ಆಯ್ಕೆ. ಅದೇ ಮುಖ್ಯ ಖಾತೆ. ಎರಡನೆಯದರ ಹಣವನ್ನು ಅದಕ್ಕೆ ಸೇರಿಸುತ್ತಾರೆ. ಆದರೆ ಎರಡಕ್ಕೂ ಕಟ್ಟಿದ್ದು ಸೇರಿ ಯಾವ ವರ್ಷವೂ ವರ್ಷಕ್ಕೆ ಕಟ್ಟಬಹುದಾದ ಮಿತಿ ದಾಟಿರಬಾರದು. ದಾಟಿದಷ್ಟು ಹಣವನ್ನು ಬಡ್ಡಿಯಿಲ್ಲದೆ ವಾಪಸ್ ಕೊಡುತ್ತಾರೆ. ಬೇರೆ ದಂಡ ಅಂತ ನನಗೇನೂ ಹಾಕಲಿಲ್ಲ.

ನಾನು ನವೆಂಬರ್‌ನಲ್ಲಿ ಅರ್ಜಿ ಕೊಟ್ಟೆ. ಪೋಸ್ಟಾಫೀಸಿನವರು ಬ್ಯಾಂಕಿಗೆ ಹೋಗಿ ಅಂದರು, ಬ್ಯಾಂಕಿನವರು ಪೋಸ್ಟಾಫೀಸಿಗೆ ಹೋಗಿ ಅಂದರು. ಎರಡು ತಿಂಗಳು ಇದೇ ಆಟ. ಕೊನೆಗೆ ಉಳಿಸಿಕೊಳ್ಳುವ ಖಾತೆ ಇರುವ ಕಚೇರಿಗೇ ಪತ್ರ ಬರೆದು ಕೊಟ್ಟು, ನಕಲಿನ ಮೇಲೆ ಸೀಲು ಹಾಕಿಸಿಕೊಂಡೆ. ಜೊತೆಗೆ ಎರಡೂ ಪಾಸ್‌ಬುಕ್, ಶುರುವಿನಿಂದ ಇಲ್ಲಿಯವರೆಗಿನ ಸ್ಟೇಟ್‌ಮೆಂಟ್, ಪ್ಯಾನ್, ಆಧಾರ್. ಸೀಲು ಬಿದ್ದ ಮೇಲೆ ಕಡತ ಅಲ್ಲಾಡಿತು. ಒಟ್ಟು ಏಳು ತಿಂಗಳು ಹಿಡಿಯಿತು.

ಮೈಸೂರಿನಿಂದ, ಅಂಚೆ ಇಲಾಖೆಯ ನಿವೃತ್ತ ನೌಕರ:

ತಮ್ಮಾ, ಗಾಬರಿ ಬೇಡ. ನಿಮ್ಮಂಥ ಕೇಸು ಕೌಂಟರಿನಲ್ಲಿ ಎಷ್ಟೋ ನೋಡಿದ್ದೇನೆ. ಖಾತೆ ಅಪ್ಪ ತೆರೆದರೂ ಅದು ನಿಮ್ಮದೇ. ಮಿತಿ ವ್ಯಕ್ತಿಗೆ ಸಂಬಂಧಿಸಿದ್ದು, ಪೋಸ್ಟಾಫೀಸು ಬೇರೆ ಬ್ಯಾಂಕು ಬೇರೆ ಅನ್ನುವ ಲೆಕ್ಕ ಇಲ್ಲ.

ಈಗ ನಿಮ್ಮ ಲೆಕ್ಕ ಹಾಕೋಣ. ವರ್ಷದ ಮಿತಿ ಒಂದೂವರೆ ಲಕ್ಷ. ನೀವಿಬ್ಬರೂ ಸೇರಿ ಕಟ್ಟಿದ್ದು 1,60,000. ಅಂದರೆ 2018-19ರಿಂದ ಪ್ರತಿ ವರ್ಷ ಹತ್ತು ಸಾವಿರ ಜಾಸ್ತಿ. ಆ ಹತ್ತು ಸಾವಿರಗಳಿಗೆ ಮಾತ್ರ ಬಡ್ಡಿ ಹೋಗುತ್ತದೆ, ಅಸಲು ಕೈಗೆ ಬರುತ್ತದೆ. ಉಳಿದದ್ದಕ್ಕೆ ತೊಂದರೆಯಿಲ್ಲ. ಮೂರನೇ ಖಾತೆ ಇದ್ದಿದ್ದರೆ ಕಥೆ ಬೇರೆ. ಅದಕ್ಕೆ ತೆರೆದ ದಿನದಿಂದಲೇ ಶೂನ್ಯ ಬಡ್ಡಿ. ಬೀರುವನ್ನು ಇನ್ನೊಮ್ಮೆ ನೋಡಿ!

ಯಾವುದನ್ನು ಉಳಿಸಬೇಕು? ನಾನಾದರೆ ಹಳೆಯದನ್ನೇ ಉಳಿಸುತ್ತಿದ್ದೆ. ಪಿಪಿಎಫ್ ಹದಿನೈದು ವರ್ಷದ್ದು, ಅದೂ ತೆರೆದ ಹಣಕಾಸು ವರ್ಷ ಮುಗಿದ ಮೇಲೆ ಎಣಿಕೆ. ಅಪ್ಪ ತೆರೆದದ್ದು 2012-13ರಲ್ಲಿ ಆಗಿದ್ದರೆ 2028ರ ಮಾರ್ಚ್‌ಗೆ ಮುಗಿಯುತ್ತದೆ. ನಿಮ್ಮ ಬ್ಯಾಂಕಿನದು 2018-19ರದ್ದಾದರೆ 2034. ಬೇಕಿದ್ದರೆ ಆಮೇಲೆ ಐದೈದು ವರ್ಷ ಮುಂದುವರಿಸಬಹುದು. ಪೋಸ್ಟಾಫೀಸಿಗೆ ಓಡಾಡುವುದು ಕಷ್ಟ ಅಂದರೆ ಮೊದಲು ವಿಲೀನ ಮಾಡಿಸಿ, ಆಮೇಲೆ ಆ ಖಾತೆಯನ್ನೇ ಬ್ಯಾಂಕಿಗೆ ವರ್ಗಾಯಿಸಿ. ವರ್ಗಾವಣೆಯಾದರೂ ವರ್ಷಗಳ ಲೆಕ್ಕ ಮೊದಲಿನಿಂದ ಶುರುವಾಗುವುದಿಲ್ಲ.

ಇನ್ನೊಂದು. ಪಾಸ್‌ಬುಕ್ಕಿನಲ್ಲಿ ನೀವಿನ್ನೂ ಮೈನರ್ ಅಂತಲೇ ಇರಬೇಕು. ಮೊದಲು ಅದನ್ನು ಸರಿಮಾಡಿಸಿ, ನಿಮ್ಮ ಸಹಿ ಕೊಡಿ. ಅಂದ ಹಾಗೆ, 2014ರವರೆಗೆ ನಿಮ್ಮ ತಂದೆಗೆ ಸ್ವಂತ ಪಿಪಿಎಫ್ ಇತ್ತಾ? ಗಾರ್ಡಿಯನ್ ಆಗಿ ಮಗುವಿನ ಖಾತೆಗೆ ಕಟ್ಟಿದ್ದೂ ತಮ್ಮ ಖಾತೆಗೆ ಕಟ್ಟಿದ್ದೂ ಒಂದೇ ಮಿತಿಯೊಳಗೆ ಬರುತ್ತದೆ.

ದಾವಣಗೆರೆಯಿಂದ:

ಸರ್ ಹೇಳಿದ ಕೊನೆಯ ಮಾತಿನಲ್ಲೇ ನಾನು ಸಿಕ್ಕಿಬಿದ್ದದ್ದು. ನನ್ನ ಖಾತೆಗೆ ಒಂದೂವರೆ ಲಕ್ಷ, ಮಗಳ ಖಾತೆಗೆ ಐವತ್ತು ಸಾವಿರ, ಎರಡು ವರ್ಷ ಹಾಗೇ ಕಟ್ಟಿದೆ. ಆ ಐವತ್ತು ಸಾವಿರಕ್ಕೆ ಬಡ್ಡಿಯೇ ಇಲ್ಲ ಅಂದರು. ಈಗ ಮಗಳಿಗೆ ನಮ್ಮವರು ಗಾರ್ಡಿಯನ್. ಅವರಿಗೆ ಸ್ವಂತ ಪಿಪಿಎಫ್ ಇಲ್ಲ, ಆದ್ದರಿಂದ ಸರಿಹೋಯಿತು. ಅಪ್ಪ ಒಂದು, ಅಮ್ಮ ಒಂದು ಅಂತ ಒಂದೇ ಮಗುವಿಗೆ ಎರಡು ಖಾತೆ ಮಾಡುವಂತಿಲ್ಲ, ಅದನ್ನೂ ನೆನಪಿಡಿ.

ಟೊರಾಂಟೊದಿಂದ:

ಇದನ್ನೆಲ್ಲ ಓದಿ ನಗು ಬಂತು. ಇಲ್ಲಿ ಕೆನಡಾದಲ್ಲಿ ಟಿಎಫ್‌ಎಸ್‌ಎ ಅಂತ ತೆರಿಗೆ ಇಲ್ಲದ ಖಾತೆ ಇದೆ, 2009ರಲ್ಲಿ ಶುರುವಾದದ್ದು. ಅದನ್ನು ಎಷ್ಟು ಬೇಕಾದರೂ ತೆರೆಯಬಹುದು. ನನ್ನದು ಮೂರಿವೆ. ಆದರೆ ಮಿತಿ ಎಲ್ಲಕ್ಕೂ ಸೇರಿ ಒಂದೇ. 2025ಕ್ಕೆ 7,000 ಡಾಲರ್, ಜೊತೆಗೆ ಹಿಂದಿನ ವರ್ಷಗಳಲ್ಲಿ ಬಳಸದೆ ಉಳಿದದ್ದು. ಹೆಚ್ಚು ಹಾಕಿದರೆ ಹೆಚ್ಚಾದ ಮೊತ್ತದ ಮೇಲೆ ತಿಂಗಳಿಗೆ ಶೇ 1 ತೆರಿಗೆ. ನಾನು ಒಂದು ಖಾತೆಯಿಂದ ಹಣ ತೆಗೆದು ಅದೇ ವರ್ಷ ಇನ್ನೊಂದಕ್ಕೆ ನಾನೇ ಹಾಕಿದೆ. ತೆಗೆದ ಜಾಗ ಮುಂದಿನ ಜನವರಿಗೆ ಮಾತ್ರ ಖಾಲಿಯಾಗುತ್ತದೆ ಅಂತ ಆಗ ಗೊತ್ತಿರಲಿಲ್ಲ. ಸರಿಯಾಗಿ ಬಿತ್ತು ಬರೆ. ಖಾತೆ ಒಂದಿರಲಿ ಹತ್ತಿರಲಿ, ಒಟ್ಟು ಮೊತ್ತವನ್ನು ನಾವೇ ಒಂದು ಕಡೆ ಬರೆದಿಡಬೇಕು.

ತಿಪಟೂರಿನಿಂದ, ಪ್ರಶ್ನೆ ಕೇಳಿದವರು:

ಎಲ್ಲರಿಗೂ ಧನ್ಯವಾದ. ಅಪ್ಪ ಸರ್ಕಾರಿ ಶಾಲೆಯ ಮೇಷ್ಟ್ರು, ಅವರಿಗೆ ಇದ್ದದ್ದು ಜಿಪಿಎಫ್ (ಸರ್ಕಾರಿ ನೌಕರರ ಭವಿಷ್ಯ ನಿಧಿ). ಸ್ವಂತ ಪಿಪಿಎಫ್ ಇಲ್ಲ. ಮೈನರ್ ಅನ್ನುವುದನ್ನು ತೆಗೆಸಲು ಅರ್ಜಿ ಕೊಟ್ಟು ಬಂದೆ. ಬ್ಯಾಂಕಿನ ಖಾತೆಗೆ ಹಣ ಹೋಗುವುದನ್ನು ನಿಲ್ಲಿಸಿದೆ. ಮುಂದೆ ಹಳೆಯದಕ್ಕೆ ಮಾತ್ರ, ಅದೂ ತಿಂಗಳ 5ನೇ ತಾರೀಖಿನೊಳಗೆ. ಆಮೇಲೆ ಕಟ್ಟಿದರೆ ಆ ತಿಂಗಳ ಬಡ್ಡಿ ಸಿಗಲ್ಲ ಅಂತ ಕೌಂಟರಿನಲ್ಲಿ ಹೇಳಿದರು. ಈಗ ಅಪ್ಪನ ಪ್ರಶ್ನೆ ಒಂದೇ: "ಹಾಗಾದ್ರೆ ನನ್ನ ಅರವತ್ತು ಸಾವಿರ ಎಲ್ಲಿ ಕಟ್ಲಿ?" ವಯಸ್ಸು 63.

ಮೈಸೂರಿನಿಂದ, ಅಂಚೆ ಇಲಾಖೆಯ ನಿವೃತ್ತ ನೌಕರ:

ಮೇಷ್ಟ್ರಿಗೆ ನಮಸ್ಕಾರ ಹೇಳಿ. ಈ ವಯಸ್ಸಿನಲ್ಲಿ ಹೊಸ ಪಿಪಿಎಫ್ ತೆರೆಯಲು ಅಡ್ಡಿಯಿಲ್ಲ, ಆದರೆ ಹದಿನೈದು ವರ್ಷ ಕಾಯಬೇಕು. ಹಿರಿಯ ನಾಗರಿಕರ ಉಳಿತಾಯ ಯೋಜನೆ ನೋಡಲಿ. ಐದು ವರ್ಷದ್ದು, ಬಡ್ಡಿ ಮೂರು ತಿಂಗಳಿಗೊಮ್ಮೆ ಕೈಗೆ ಬರುತ್ತದೆ. ಬಡ್ಡಿಗೆ ತೆರಿಗೆ ಇದೆ, ಅದೊಂದು ಕೊರತೆ. ಅಲ್ಲಿ ಒಬ್ಬರೇ ಎಷ್ಟು ಖಾತೆ ಬೇಕಾದರೂ ತೆರೆಯಬಹುದು, ಒಟ್ಟು 30 ಲಕ್ಷ ದಾಟದಿದ್ದರೆ ಸಾಕು. ಪಾಸ್‌ಬುಕ್ ಮಾತ್ರ ಈ ಸಲ ಮಗನಿಗೂ ತೋರಿಸಿ ಬೀರುವಿನಲ್ಲಿಡಲಿ.